ಚೋಟುವಿನ ಗಿಡ್ಡ ಮೂಗು

ಮುಂಬೈಯ ಅಕ್ಟೋಬರ್ ಸೆಕೆ ಗೊತ್ತಲ್ವಾ? ಮಳೆ ಹೋಗಿರುತ್ತೆ, ಗಾಳಿಯಲ್ಲಿ ನೀರಿನ ಪಸೆ ಹಾಗೇ ಇರುತ್ತೆ. ಅಂಥ ಒಂದು ಮಧ್ಯಾಹ್ನ ನಮ್ಮ ಚೆಂಬೂರಿನ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಕೆಟ್ಟಿತ್ತು. ಪಕ್ಕದ ಮನೆಯ ಅಕ್ಕ, ಕುಂದಾಪುರದವರು, ತಮ್ಮ ಚಪ್ಪಟೆ ಮೂತಿಯ ಪಗ್ ನಾಯಿ ಚೋಟುವನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದವರೇ ಬಾಗಿಲು ಬಡಿದರು. "ಒಮ್ಮೆ ಬಾ ಮಾರಾಯ, ಇವ ಉಸಿರಿಗೆ ಒದ್ದಾಡ್ತಿದ್ದಾನೆ!"

ಚೋಟುವಿನ ನಾಲಿಗೆ ನೀಲಿಯಾಗಿತ್ತು. ಮೈಮೇಲೆ ನೀರು ಸುರಿದು, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಮಲಗಿಸಿ, ಆಟೋ ಹಿಡಿದು ಓಡಿದೆವು. ಡಾಕ್ಟರ್ ಮೊದಲು ಆಕ್ಸಿಜನ್ ಕೊಟ್ಟರು. ಆಮೇಲೆ ಬಿಡಿಸಿ ಹೇಳಿದರು: ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ಗೆ ಮೂಗಿನ ಹೊಳ್ಳೆ ಕಿರಿದು, ಗಂಟಲಲ್ಲಿ ಮೆತ್ತನೆಯ ಅಂಗುಳ ಉದ್ದ, ಗಾಳಿ ಹೋಗೋಕೇ ಜಾಗ ಕಡಿಮೆ. ನಾಲಿಗೆಯ ಎಂಜಲು ಆರಿದಾಗಲೇ ಮೈ ತಂಪಾಗೋದು, ಇಲ್ಲಿನ ಪಸೆಗಾಳಿಯಲ್ಲಿ ಅದೂ ಬೇಗ ಆರೋದಿಲ್ಲ.

ಚೋಟು ಸಂಜೆಗೆ ಸುಧಾರಿಸಿಕೊಂಡ. ಅಲ್ಲಿ ಕಾಯುತ್ತಾ ಮೊಬೈಲ್‌ನಲ್ಲಿ ಪಗ್‌ನ ಕಥೆ ಓದಿದೆ, ಓದಿದಷ್ಟೂ ಬೇಜಾರಾಯ್ತು. ಚೀನಾದ ಅರಮನೆಗಳಲ್ಲಿ ಮುದ್ದಿಗೆ ಸಾಕಿದ ನಾಯಿ ಇದು. ಯುರೋಪಿಗೆ ಹೋಗಿ ಡಚ್ ರಾಜಮನೆತನದ ಪ್ರೀತಿಯ ನಾಯಿಯಾಯ್ತು. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನದೇ ಚಿತ್ರ ಬರೆದಾಗ ಮುಂದೆ ತನ್ನ ಪಗ್ ಟ್ರಂಪ್‌ನನ್ನೂ ಕೂರಿಸಿದ್ದಾನೆ. ಆ ಚಿತ್ರ ನೋಡಿ. ಟ್ರಂಪ್‌ಗೆ ಸರಿಯಾದ ಮೂತಿ ಇದೆ! ಆಮೇಲೆ ಚಪ್ಪಟೆ ಮುಖವೇ ಚೆಂದ ಅಂತ ಜನ ಆರಿಸಿ ಆರಿಸಿ ಮರಿ ಮಾಡಿಸಿದರು, ಮೂಗು ಒಳಗೆ ಹೋಯ್ತು.

ನಮ್ಮಲ್ಲಿ ಇದರ ಹುಚ್ಚು ಹತ್ತಿದ್ದು 2003ರಲ್ಲಿ, ಪುಟ್ಟ ಹುಡುಗನ ಹಿಂದೆಯೇ ಹೋಗುವ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ಚೀಕಾಳನ್ನು ನೋಡಿದ ಮೇಲೆ. ಅದಕ್ಕೆ ಮುಂಚೆ ಮನೆಮನೆಯಲ್ಲೂ ಬಿಳಿ ಪೊಮೆರೇನಿಯನ್ ಇತ್ತು. ಚೀಕಾ ಬಂದಮೇಲೆ ಪಗ್ ಹೆಸರೇ ಗೊತ್ತಿಲ್ಲದವರೂ "ಹಚ್ ನಾಯಿ ಬೇಕು" ಅನ್ನೋರು. ನಮ್ಮ ಸೆಕೆ ಅದಕ್ಕೆ ಆಗುತ್ತಾ ಅಂತ ಮಾರುವವರು ಹೇಳಲಿಲ್ಲ, ಕೊಳ್ಳುವವರೂ ಕೇಳಲಿಲ್ಲ.

ಅಕ್ಕ ಈಗ ಚೋಟುವನ್ನು ಬಿಸಿಲೇರುವ ಮುಂಚೆ ವಾಕಿಂಗ್ ಕರ್ಕೊಂಡು ಹೋಗ್ತಾರೆ, ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾರ್ನೆಸ್ ಹಾಕಿದ್ದಾರೆ, ತೂಕ ಜಾಸ್ತಿಯಾಗದ ಹಾಗೆ ನೋಡ್ಕೊಳ್ತಾರೆ. ಪಗ್ ಬೇಕೇ ಬೇಕು ಅನ್ನುವವರಿಗೆ ನಾನು ಕೇಳಿಕೊಳ್ಳೋದು ಇಷ್ಟೇ: ಮರಿಯ ಮೂಗಿನ ಹೊಳ್ಳೆ ಅಗಲ ಇದೆಯಾ ನೋಡಿ, ತಾಯಿ ನಾಯಿ ಸುಮ್ನೆ ಮಲಗಿದ್ದಾಗಲೂ ಗೊರಗೊರ ಸದ್ದು ಮಾಡ್ತಿದ್ದರೆ ಆ ಮರಿ ಕೊಳ್ಳಬೇಡಿ.