ಹಳೆಯ ಪಂದ್ಯದ ಕ್ಯಾಸೆಟ್ ಕೈಗೆ ಬರುವ ದಿನ

ಹಳೆಯ ಪಂದ್ಯಗಳ ವಿಡಿಯೊ ಸಂಗ್ರಾಹಕರೊಬ್ಬರು ಕಾಪಿ ಕೊಡಬಲ್ಲ ಪಂದ್ಯಗಳ ಪಟ್ಟಿ ಕಳಿಸಿದಾಗ ಮೊದಲು ಹುಡುಕಬೇಕಾದದ್ದು 1983ರ ಜೂನ್ 18. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಅಜೇಯ 175 ಹೊಡೆದ ಆ ಪಂದ್ಯ ಟಿವಿಯಲ್ಲಿ ಬರಲೇ ಇಲ್ಲ. ಅದರ ‘ಪೂರ್ತಿ ವಿಡಿಯೊ’ ಪಟ್ಟಿಯಲ್ಲಿದ್ದರೆ ಉಳಿದ ಸಾಲುಗಳನ್ನೂ ನಂಬುವುದು ಕಷ್ಟ.

ಮುಂದಿನದು ನಿಮಿಷಗಳ ಲೆಕ್ಕ. ಅದೇ ವರ್ಷದ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಭಾರತ 54.4 ಓವರ್, ವೆಸ್ಟ್ ಇಂಡೀಸ್ 52 ಓವರ್ ಆಡಿದವು. ಅಷ್ಟು ಆಟ ಎರಡು ಗಂಟೆಯಲ್ಲಿ ಮುಗಿದರೆ ಅದು ಹೈಲೈಟ್ಸ್ ಮಾತ್ರ, ಪಟ್ಟಿಯಲ್ಲಿ ಏನೇ ಬರೆದಿರಲಿ.

ಬೆಲೆಗಿಂತ ಮುಖ್ಯವಾದ ಪ್ರಶ್ನೆ, ಇದು ಎಷ್ಟನೆಯ ಕಾಪಿ ಎಂಬುದು. ಟಿವಿಯಿಂದ ನೇರ ರೆಕಾರ್ಡ್ ಆದ ಟೇಪು ಒಂದನೆಯದು. ಅದರಿಂದ ಮತ್ತೊಂದು ಟೇಪಿಗೆ ಇಳಿಸಿದ ಪ್ರತಿ ಸಲವೂ ಚಿತ್ರ ಸವೆಯುತ್ತದೆ: ಬಣ್ಣ ಗೆರೆ ದಾಟಿ ಹರಡುತ್ತದೆ, ಸ್ಕೋರಿನ ಅಂಕಿ ಕಲಸಿಹೋಗುತ್ತದೆ. ಮಾದರಿ ತುಣುಕು ಕೇಳುವಾಗ ಪ್ರಸಿದ್ಧ ಕ್ಷಣವನ್ನು ಕೇಳಬೇಡಿ. ಸ್ಕೋರ್‌ಕಾರ್ಡ್ ತೋರಿಸುವ ಅರ್ಧ ನಿಮಿಷ, ಟೇಪಿನ ಕೊನೆಯ ಅರ್ಧ ನಿಮಿಷ ಸಾಕು. ಇ-180 ಎಂಬ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನಲ್ಲಿ ಎಸ್‌ಪಿ ಎಂಬ ಸಾಮಾನ್ಯ ವೇಗದಲ್ಲಿ ಮೂರು ಗಂಟೆ, ಟೇಪು ಅರ್ಧ ವೇಗದಲ್ಲಿ ಓಡುವ ಎಲ್‌ಪಿಯಲ್ಲಿ ಆರು ಗಂಟೆ ಹಿಡಿಯುತ್ತದೆ. ಎಲ್‌ಪಿ ಆಗಿದ್ದರೆ ಚಿತ್ರ ಮಸುಕು, ಬೇರೆ ವಿಸಿಆರ್‌ನಲ್ಲಿ (ಕ್ಯಾಸೆಟ್ ಓಡಿಸುವ ಯಂತ್ರ) ಟ್ರ್ಯಾಕಿಂಗ್ ತೊಂದರೆಯೂ ಹೆಚ್ಚು, ಅಂದರೆ ಚಿತ್ರ ಓದುವ ಹೆಡ್ ಟೇಪಿನ ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಭಾರತ, ಬ್ರಿಟನ್‌ಗಳ ಹಳೆಯ ಟಿವಿ ಪದ್ಧತಿಯಾದ ಪ್ಯಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಸುಮಾರು 30. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ಕಾಪಿಯಲ್ಲಿ ಓಡುವ ಚೆಂಡು ಎರಡಾಗಿ ಕಾಣುವುದುಂಟು. ಮೂಲ ಪದ್ಧತಿಯದ್ದನ್ನೇ ಕೇಳಿ ಪಡೆಯಿರಿ.

ಪಾರ್ಸೆಲ್ ಬಂದ ದಿನ ಆತುರ ಸಹಜ. ಆದರೂ ಕ್ಯಾಸೆಟ್ಟನ್ನು ತಕ್ಷಣ ವಿಸಿಆರ್‌ಗೆ ಹಾಕಬಾರದು. ತಂಪಿನಿಂದ ಬಂದಿದ್ದರೆ ಒಳಗೆ ಹನಿ ಕಟ್ಟಿರಬಹುದು, ಕೆಲವು ಗಂಟೆ ಹಾಗೇ ಬಿಡಿ. ಕಿಟಕಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿಯಂತಿದ್ದರೆ ಅದು ಬೂಷ್ಟು. ಒಮ್ಮೆ ಓಡಿಸಿದರೆ ಹೆಡ್‌ಗೆ ಮೆತ್ತಿಕೊಂಡು ನಿಮ್ಮ ಉಳಿದ ಟೇಪುಗಳಿಗೂ ಹರಡುತ್ತದೆ. ಸ್ವಚ್ಛವಾಗಿದ್ದರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗದಂತೆ ಹಿಂಬದಿಯ ರೆಕಾರ್ಡ್ ಟ್ಯಾಬ್ ಮುರಿದು, ಕೊನೆವರೆಗೆ ಸುತ್ತಿ ಹಿಂದಕ್ಕೆ ತಂದು, ಆಮೇಲೆ ಪ್ಲೇ ಒತ್ತಿ. ಚಿತ್ರದ ತಳದಲ್ಲಿ ಕುಣಿಯುವ ಒಂದೆರಡು ಗೆರೆ ದೋಷವಲ್ಲ, ವಿಎಚ್‌ಎಸ್ ಸ್ವಭಾವವೇ ಅದು. ಮೇಲ್ಭಾಗ ಬಾಗಿ ತೂಗಾಡಿದರೆ ಟೈಮ್ ಬೇಸ್ ಕರೆಕ್ಟರ್ (ಚಿತ್ರದ ಗೆರೆಗಳ ಸಮಯ ಸರಿಪಡಿಸುವ ಸಾಧನ) ಬೇಕು.

ಕಂಪ್ಯೂಟರಿಗೆ ಇಳಿಸುವಾಗ ಪ್ಯಾಲ್ ಟೇಪಿನ ಸೆಕೆಂಡಿನ 50 ಫೀಲ್ಡ್‌ಗಳನ್ನೂ ಉಳಿಸಿ; ಒಂದು ಫ್ರೇಮ್ ಎಂದರೆ ಒಂದರ ನಂತರ ಒಂದು ಹಿಡಿದ ಎರಡು ಅರ್ಧ ಚಿತ್ರ, ಅವೇ ಫೀಲ್ಡ್. ಎರಡನ್ನೂ ಬೆರೆಸಿ 25 ಪೂರ್ಣ ಫ್ರೇಮಿಗೆ ಇಳಿಸಿದರೆ ಚಲನೆಯ ಅರ್ಧ ಹೋಗುತ್ತದೆ, ಕ್ರೀಡೆಯಲ್ಲಿ ಅದು ದೊಡ್ಡ ನಷ್ಟ. ಹಫ್‌ವೈಯುವಿಯಂಥ, ಚಿತ್ರ ನಷ್ಟವಿಲ್ಲದೆ ಕುಗ್ಗಿಸಿಡುವ ಕೋಡೆಕ್‌ಗೆ ಗಂಟೆಗೆ ಸುಮಾರು 30 ಜಿಬಿ ಜಾಗ ಬೇಕಾದೀತು.

ಕ್ಯಾಸೆಟ್ಟಿನ ಬದಲು ಡಿವಿಡಿ-ಆರ್ (ಕಂಪ್ಯೂಟರಿನಲ್ಲಿ ಅಥವಾ ರೆಕಾರ್ಡರಿನಲ್ಲಿ ಬರೆದ ಡಿಸ್ಕ್) ಬಂದಿದ್ದರೆ ಅದೇ ದಿನ ಇಡೀ ಡಿಸ್ಕ್ ನಕಲಿಸಿ. ಮೊದಲ ಐದು ನಿಮಿಷ ನೋಡಿ ಸಮಾಧಾನಪಡುವುದು ತಪ್ಪು. ಬರೆಯುವಿಕೆ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಗೀಚು, ಬೆರಳಚ್ಚು, ಅಂಚಿನ ಸವೆತ ಹೊರಭಾಗದಲ್ಲೇ ಹೆಚ್ಚು. ಹಾಗಾಗಿ ತುಂಬಿದ ಡಿಸ್ಕಿನಲ್ಲಿ ಮೊದಲು ಕೈಕೊಡುವುದು ಪಂದ್ಯದ ಕೊನೆ, ಎಲ್ಲರೂ ನೋಡಬೇಕೆಂದುಕೊಂಡ ಆ ಭಾಗವೇ. ಓದಲಾಗದ ಡಿಸ್ಕಿಗೆ ಬದಲಿ ಕೊಡುವ ಮಾತನ್ನು ಹಣ ಕೊಡುವ ಮೊದಲೇ ಆಡಿಕೊಳ್ಳಿ. ಕೊಡುವ ಹಣ ಟೇಪಿಗೆ, ಶ್ರಮಕ್ಕೆ. ಪ್ರಸಾರದ ಹಕ್ಕು ನಿಮಗೆ ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಪ್ರಸಾರ ಸಂಸ್ಥೆಗಳು ಟೇಪುಗಳನ್ನು ಅಳಿಸಿ ಮರುಬಳಸಿದ ಕಾಲದ ಆಟಗಳು ಖಾಸಗಿಯವರ ಬಳಿಯೇ ಉಳಿದಿವೆ. 1960ರ ವರ್ಲ್ಡ್ ಸೀರೀಸ್ ಬೇಸ್‌ಬಾಲ್‌ನ ಏಳನೆಯ ಪಂದ್ಯದ ಪೂರ್ಣ ಪ್ರತಿ ಸಿಕ್ಕಿದ್ದು ಗಾಯಕ ಬಿಂಗ್ ಕ್ರಾಸ್ಬಿಯವರ ಮನೆಯಲ್ಲಿ, 2009ರಲ್ಲಿ, ಐದು ಫಿಲ್ಮ್ ರೀಲುಗಳಾಗಿ.

ಜಾಹೀರಾತು, ಮಳೆಯ ಬಿಡುವು ಕತ್ತರಿಸದ ಕಾಪಿ ಇದ್ದರೆ ಅದನ್ನೇ ಆರಿಸಿ. ಸಂಗ್ರಾಹಕರು ಕೈಯಲ್ಲಿ ಬರೆದ ಚೀಟಿಯ ಫೋಟೊ ತೆಗೆದು ಫೈಲಿನ ಜೊತೆಗೇ ಇಡಿ. ಯಾವ ಚಾನೆಲ್, ಯಾವ ದಿನ, ಎಷ್ಟನೆಯ ಕಾಪಿ ಎಂಬುದು ಆಮೇಲೆ ಬೇರೆಲ್ಲೂ ಸಿಗುವುದಿಲ್ಲ.