ದನಿ ತಡೆದಾಗ ಗೆರೆ

ಸಾಕ್ಷ್ಯಚಿತ್ರ ಎಂದ ಮೇಲೆ ಕ್ಯಾಮೆರಾ ಕಂಡದ್ದೇ ತೆರೆಯ ಮೇಲೆ ಬರಬೇಕು, ಕೈಯಿಂದ ಬರೆದದ್ದು ಹೇಗೆ ಸಾಕ್ಷ್ಯವಾದೀತು ಎಂಬ ತಕರಾರು ನನ್ನಲ್ಲಿ ಬಹುಕಾಲ ಇತ್ತು. ಕ್ಯಾಮೆರಾ ಇರದ ಕಡೆಯೂ ಜನ ನೋವುಂಡಿದ್ದಾರೆ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. 1915ರಲ್ಲಿ ಲುಸಿಟಾನಿಯಾ ಹಡಗು ಮುಳುಗಿದ್ದನ್ನು ಯಾರೂ ಚಿತ್ರೀಕರಿಸಿರಲಿಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಅದನ್ನು ಸಾವಿರಾರು ಚಿತ್ರಗಳಾಗಿ ಬರೆದು 1918ರಲ್ಲಿ ತೆರೆಗೆ ತಂದರು.

ನನ್ನ ತಕರಾರು ಸಡಿಲವಾದದ್ದು 2021ರ ಅನಿಮೇಷನ್ ಸಾಕ್ಷ್ಯಚಿತ್ರ ‘ಫ್ಲೀ’ ನೋಡಿದ ಮೇಲೆ. ಬಾಲ್ಯದಲ್ಲಿ ಅಫ್ಘಾನಿಸ್ತಾನ ತೊರೆದು, ಕೊನೆಗೆ ಡೆನ್ಮಾರ್ಕ್ ಸೇರಿದವರೊಬ್ಬರು ಅದರಲ್ಲಿ ಬದಲಿ ಹೆಸರಿನಲ್ಲಿ ತಮ್ಮ ಕಥೆ ಹೇಳುತ್ತಾರೆ. ಗುರುತು ಮರೆಯಾಗಿರಲೆಂದು ಮುಖವನ್ನು ಗೆರೆಗಳಿಗೆ ಒಪ್ಪಿಸಿ, ದನಿಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲಾಗಿದೆ. ನಿರ್ದೇಶಕ ಯೋನಾಸ್ ಪೋಹರ್ ರಾಸ್ಮುಸೆನ್, ಕಥೆ ಹೇಳುವವರಿಗೆ ಹದಿಹರೆಯದಿಂದಲೂ ಗೆಳೆಯ; ಅವರನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಅಂದು ನಡೆದದ್ದನ್ನು ಇಂದು ಕಣ್ಣೆದುರು ನಡೆಯುತ್ತಿರುವಂತೆ ಹೇಳಿಸುತ್ತಾರೆ. ಮಾತು ತಡವರಿಸುತ್ತದೆ, ಉಸಿರು ಎಳೆಯುತ್ತದೆ, ಒಂದು ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ನಟನೊಬ್ಬ ಎಷ್ಟೇ ನುರಿತವನಾದರೂ ಅಂಥ ತಡವರಿಕೆಯನ್ನು ಅಷ್ಟೇ ಸಹಜವಾಗಿ ತರುವುದು ಕಷ್ಟ.

ಇಂಥ ಚಿತ್ರಗಳಲ್ಲಿ ಕಲಾವಿದರು ಎಡವುವುದೂ ಇಲ್ಲಿಯೇ ಎಂದು ನನಗನ್ನಿಸುತ್ತದೆ. ದನಿಯಲ್ಲಿ ಆಗಲೇ ಇರುವ ದುಃಖಕ್ಕೆ ತೊಟ್ಟಿಕ್ಕುವ ಕಣ್ಣೀರನ್ನೂ ನಡುಗುವ ತುಟಿಯನ್ನೂ ಬರೆದು ಸೇರಿಸಿದರೆ, ನೋಡುವವನು ಅನುಭವಿಸಬೇಕಾದದ್ದನ್ನು ಚಿತ್ರವೇ ಅನುಭವಿಸಿ ಮುಗಿಸಿಬಿಡುತ್ತದೆ. (ಹಿನ್ನೆಲೆ ಸಂಗೀತದ ವಿಷಯದಲ್ಲಿ ನನ್ನ ದೂರು ಇನ್ನೂ ದೊಡ್ಡದು.) ‘ಫ್ಲೀ’ಯಲ್ಲಿ ನೆನಪು ಅಸಹನೀಯವಾದಂತೆ ಬಣ್ಣಗಳು ಮಾಸಿ, ಆಕೃತಿಗಳು ಇದ್ದಿಲಿನಲ್ಲಿ ಗೀಚಿದಂತೆ ಮುಖವಿಲ್ಲದ ನೆರಳುಗಳಾಗುತ್ತವೆ, ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು.

ಆರಿ ಫೋಲ್ಮನ್ ಅವರ 2008ರ ‘ವಾಲ್ಟ್ಜ್ ವಿತ್ ಬಶೀರ್’ ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ಚಿತ್ರದುದ್ದಕ್ಕೂ ಅನಿಮೇಷನ್ ಆಗಿದ್ದದ್ದು, 1982ರಲ್ಲಿ ಬೇರೂತಿನಲ್ಲಿ ನಡೆದ ಹತ್ಯಾಕಾಂಡದ ನಂತರ ಸೆರೆಹಿಡಿದ ನಿಜವಾದ ದೃಶ್ಯಗಳಿಗೆ ಕೊನೆಯಲ್ಲಿ ಹಠಾತ್ತನೆ ಹೊರಳುತ್ತದೆ. ಆ ಆಘಾತ ಬೇಕಿತ್ತೆಂದು ಒಪ್ಪುತ್ತೇನೆ. ಆದರೂ ಗೆರೆಗಳ ಮೇಲಿನ ನಂಬಿಕೆಯನ್ನು ನಿರ್ದೇಶಕರೇ ಆ ಕ್ಷಣದಲ್ಲಿ ಕೈಬಿಟ್ಟರೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

‘ಫ್ಲೀ’ಯನ್ನು ಎರಡನೆಯ ಬಾರಿ ನೋಡುವಾಗ, ದನಿಯೊಂದೇ ಸಾಕಾಗುತ್ತದೆಯೇ ಎಂದು ತಿಳಿಯಲು ಕೆಲವು ನಿಮಿಷ ನಾನೂ ಕಣ್ಣು ಮುಚ್ಚಿ ಕೇಳಿದೆ. ಅವರು ಮಾತು ನಿಲ್ಲಿಸಿ ಸುಮ್ಮನಾದಾಗ, ಆ ಇದ್ದಿಲ ಗೆರೆಗಳಿಗಾಗಿ ಮತ್ತೆ ಕಣ್ಣು ತೆರೆದೆ.