ಮದುವೆ ಯಾವಾಗ ಆಯ್ತು ಅಂತ ಕೇಳಿದರೆ ಸಾಲದು

ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ಮಾಜಿ ಸೈನಿಕರ ಮತ್ತು ಅವರ ಮನೆಯವರ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಹಣ ಕೊಡುವುದು ಕೇಂದ್ರ ಸರ್ಕಾರದ (ಫೆಡರಲ್) ಮಾಜಿ ಸೈನಿಕರ ಇಲಾಖೆ, ಇಲ್ಲಿ ಎಲ್ಲರ ಬಾಯಲ್ಲೂ ಅದು 'ವಿಎ'. ನಾವು ಕಾಗದ ಜೋಡಿಸುವವರು ಅಷ್ಟೇ. ಆದರೆ ಯಾವ ಕಾಗದ ಕೇಳಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಸಲಿಂಗ ಜೋಡಿಗಳಿಗೆ ಕೋರ್ಟು ಕೊಟ್ಟ ಮದುವೆಯ ಹಕ್ಕೂ ಕೌಂಟರಿನ ಆಚೆಗೇ ಉಳಿದುಬಿಡುತ್ತದೆ.

ಸೇವೆಯಿಂದ ಬಂದ ಕಾಯಿಲೆಯಿಂದ ಸೈನಿಕ ತೀರಿಕೊಂಡರೆ ಸಂಗಾತಿಗೆ ತಿಂಗಳು ತಿಂಗಳು ಡಿಐಸಿ ಎಂಬ ಹಣ ಬರುತ್ತದೆ. ಮಕ್ಕಳಿಲ್ಲದ, ಸೇವೆ ಬಿಟ್ಟು ಬಹಳ ಕಾಲವಾದ ಮೇಲೆ ಮದುವೆಯಾದ ಜೋಡಿಗೆ ಒಂದು ಷರತ್ತಿದೆ: ಮದುವೆಯಾಗಿ ಕನಿಷ್ಠ ಒಂದು ವರ್ಷ ಆಗಿರಬೇಕು. ಸಾವಿನಂಚಿನಲ್ಲಿರುವವರನ್ನು ಹಣಕ್ಕಾಗಿ ಕಟ್ಟಿಕೊಳ್ಳಬಾರದು ಅಂತ ಮಾಡಿದ ನಿಯಮ. ನ್ಯಾಯವಾಗಿಯೇ ಕಾಣುತ್ತದೆ, ಮದುವೆಯಾಗುವುದನ್ನೇ ಕಾನೂನು ತಡೆದಿಟ್ಟವರನ್ನು ನೋಡುವವರೆಗೆ.

ನನ್ನ ಕೌಂಟರಿಗೆ ಬಂದ ಒಬ್ಬ ಹಿರಿಯರ ಸಂಗಾತಿ ವಿಯೆಟ್ನಾಂನಲ್ಲಿದ್ದ ಸೈನಿಕ. ಯುದ್ಧದಲ್ಲಿ ಅಮೆರಿಕ ಸೇನೆ ಸಿಂಪಡಿಸಿದ ಏಜೆಂಟ್ ಆರೆಂಜ್ ವಿಷಕ್ಕೆ ಸಂಬಂಧಿಸಿದ್ದೆಂದು ವಿಎ ಒಪ್ಪುವ ಶ್ವಾಸಕೋಶದ ಕ್ಯಾನ್ಸರ್ ಆ ಸೈನಿಕರಿಗೆ. ಇಬ್ಬರೂ ಒಂದೇ ಮನೆಯಲ್ಲಿ ದಶಕಗಳನ್ನು ಕಳೆದಿದ್ದರು. ಟೆಕ್ಸಾಸ್‌ನಲ್ಲಿ ಮದುವೆಯಾಗಲು ಸಾಧ್ಯವಾದದ್ದು ಸಲಿಂಗ ಮದುವೆಯನ್ನು ದೇಶದೆಲ್ಲೆಡೆ ಮಾನ್ಯ ಮಾಡಿದ 2015ರ ಜೂನ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಜುಲೈನಲ್ಲಿ ಮದುವೆ, ಮರುವರ್ಷ ಫೆಬ್ರವರಿಯಲ್ಲಿ ಸಾವು. ವರ್ಷ ತುಂಬಿರಲಿಲ್ಲ, ಅರ್ಜಿ ಬಿತ್ತು.

ಇದರ ಹಿಂದಿನ ಕಥೆ ಇನ್ನೂ ಸಿಕ್ಕುಸಿಕ್ಕು. 2013ರ ಜೂನ್‌ನಲ್ಲೇ ವಿಂಡ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ವಿವಾಹ ಕಾಯ್ದೆಯಲ್ಲಿ ಸಲಿಂಗ ಮದುವೆಯನ್ನು ಒಪ್ಪದ ತಾರತಮ್ಯದ ಕಲಮನ್ನು ಹೊಡೆದುಹಾಕಿತ್ತು. ಆದರೆ ಮಾಜಿ ಸೈನಿಕರ ಕಾನೂನಿನಲ್ಲಿ 'ಸಂಗಾತಿ ಎಂದರೆ ವಿರುದ್ಧ ಲಿಂಗದವರು' ಎಂಬ ಪ್ರತ್ಯೇಕ ಸಾಲು ಹಾಗೇ ಇತ್ತು. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು ಅದನ್ನೂ ತಳ್ಳಿಹಾಕಿತು. ಸೆಪ್ಟೆಂಬರ್ 4ರಂದು ಅಂದಿನ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) ಎರಿಕ್ ಹೋಲ್ಡರ್, ಸರ್ಕಾರ ಇನ್ನು ಅದನ್ನು ಜಾರಿ ಮಾಡುವುದಿಲ್ಲ ಎಂದು ಸಂಸತ್ತಿಗೆ ತಿಳಿಸಿದರು. ಅಷ್ಟಾದರೂ ಇನ್ನೊಂದು ಕಲಮು ಉಳಿಯಿತು: ದಂಪತಿ ವಾಸವಿದ್ದ ರಾಜ್ಯ ಆ ಮದುವೆಯನ್ನು ಒಪ್ಪಬೇಕು. ಪಕ್ಕದ ನ್ಯೂ ಮೆಕ್ಸಿಕೊಗೆ ಹೋಗಿ ಮದುವೆಯಾಗಿ ಟೆಕ್ಸಾಸ್‌ಗೆ ಮರಳಿದವರು ಆದಾಯ ತೆರಿಗೆಯವರ ಲೆಕ್ಕದಲ್ಲಿ ದಂಪತಿ, ವಿಎ ಲೆಕ್ಕದಲ್ಲಿ ಅಲ್ಲ. ಒಂದೇ ಸರ್ಕಾರ, ನೋಡಿ.

2022ರ ಅಕ್ಟೋಬರ್‌ನಲ್ಲಿ ವಿಎ ದಾರಿ ತೆರೆಯಿತು. ಮದುವೆಗೆ ನಿಷೇಧವಿದ್ದ ಕಾಲದಲ್ಲಿ ದಂಪತಿಯಂತೆ ಬಾಳಿದ್ದರೆ ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ, ಒಟ್ಟಿಗೆ ಬಾಳುವ ಸಮಾರಂಭ, ಜಂಟಿ ಬ್ಯಾಂಕ್ ಖಾತೆ, ಜಂಟಿಯಾಗಿ ಕೊಂಡ ಮನೆ ಇಂಥವು ಸಾಕ್ಷಿ ಎಂದಿತು. ಅಂದಿನಿಂದ ಈ ಕೌಂಟರಿನಲ್ಲಿ 'ಮದುವೆ ಯಾವಾಗ ಆಯ್ತು?' ಅಂತ ಕೇಳಿದ ಮೇಲೆ 'ಒಟ್ಟಿಗೆ ಇರೋಕೆ ಶುರು ಮಾಡಿದ್ದು ಯಾವಾಗ?' ಅಂತಲೂ ಕೇಳುತ್ತೇನೆ.

ಕಷ್ಟ ಇರುವುದು ಸಾಕ್ಷಿಯಲ್ಲಿ. 2011ರ ಸೆಪ್ಟೆಂಬರ್‌ವರೆಗೂ ಸಲಿಂಗಿ ಎಂಬ ವಿಷಯ ಬಯಲಾದರೆ ಸೇನೆಯಿಂದ ಹೊರಗೆ. ಆ ಭಯ ಸೇವೆ ಮುಗಿದ ಮೇಲೂ ಹೋಗಿರಲಿಲ್ಲ, ಗುರುತೇ ಸಿಗದಂತೆ ಬದುಕಿದವರು ಇವರು. ಬಾಡಿಗೆ ಕರಾರಿನಲ್ಲಿ 'ರೂಮ್‌ಮೇಟ್', ಮನೆಪತ್ರದಲ್ಲಿ ಒಬ್ಬರದೇ ಹೆಸರು, ಫೋಟೋದಲ್ಲಿ ಒಂದು ಮೊಳ ಅಂತರ. ಮುಚ್ಚಿಡಲು ಹೇಳಿದ ಸರ್ಕಾರವೇ ಈಗ ತೋರಿಸಿ ಅನ್ನುತ್ತದೆ. ಹಾಗಾಗಿ ಬೇರೆ ಕಡೆ ಹುಡುಕಬೇಕು: ಆಸ್ಪತ್ರೆಯ ಫಾರಂನ ತುರ್ತು ಸಂಪರ್ಕದ ಹೆಸರು, ಉಯಿಲು, ಕಾರಿನ ವಿಮೆ, ಇಬ್ಬರ ಹೆಸರಿಗೂ ಬಂದ ಕ್ರಿಸ್‌ಮಸ್ ಕಾರ್ಡು, ಹಳೇ ನೆರೆಯವರ ಲಿಖಿತ ಹೇಳಿಕೆ. ಈ ಹಿರಿಯರ ವಿಷಯದಲ್ಲಿ ನಮ್ಮ ಕೆಲಸಕ್ಕೆ ಹೊಸಬರಾದವರು ಉಡಾಫೆ ಮಾಡುವ ಕಾರ್ಡುಗಳ ಡಬ್ಬವೇ ಬಲವಾಗಿ ನಿಂತಿತು, ಯಾಕೆಂದರೆ ಅಂಚೆ ಮುದ್ರೆಯಲ್ಲಿ ವರ್ಷ ಇತ್ತು.

ಹಣ ಬಂತು, ಆದರೆ 2016ರಿಂದಲ್ಲ. ಹೊಸ ನಿಯಮ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಿದವರಿಗೆ 2022ರ ಅಕ್ಟೋಬರ್ 11ರಿಂದ ಮಾತ್ರ ಬಾಕಿ ಸೇರಿಸಿ ಕೊಟ್ಟರು. ನಡುವಿನ ಆರು ವರ್ಷಕ್ಕೆ ಏನೂ ಇಲ್ಲ. ಇದನ್ನು ಸಮಾನತೆ ಅನ್ನಲು ನನಗೆ ನಾಲಗೆ ಏಳುವುದಿಲ್ಲ.

ನಿಯಮ ಬದಲಾದಾಗ ಹೊಸ ಅರ್ಜಿಗಾಗಿ ಕಾಯುವುದಕ್ಕಿಂತ, ಹಿಂದೆ ತಿರಸ್ಕೃತವಾದ ಫೈಲುಗಳನ್ನು ತೆಗೆದು ನಾವೇ ಫೋನ್ ಮಾಡುವುದು ಮೇಲು. ಒಮ್ಮೆ 'ಇಲ್ಲ' ಅನ್ನಿಸಿಕೊಂಡ ಎಂಬತ್ತರ ಅಜ್ಜ ಮತ್ತೆ ಈ ಮೆಟ್ಟಿಲು ಹತ್ತುವುದು ಅಪರೂಪ. ಆ ಬಾಕಿಯ ಗಡುವು ಮುಗಿದಿದೆ, ಅರ್ಜಿ ಹಾಕುವ ಅವಕಾಶ ಮುಗಿದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಂಥ ನೆರೆಯವರಿದ್ದರೆ ಕೌಂಟಿ ಕಚೇರಿಯ ದಾರಿ ತೋರಿಸಿ. ನಾವು ಫೀಸು ತೆಗೆದುಕೊಳ್ಳುವುದಿಲ್ಲ.